ಅಮ್ಮನ ಬಾಯಿ ನೋಡಿದವಳು

ಛೀಯಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರ ಮುಂದೆ ಅವಳ ಅಣ್ಣ ಎದ್ದು ನಿಂತು, ನನ್ನ ತಂಗಿ ಎಲ್ಲರನ್ನೂ ಪ್ರೀತಿಸುತ್ತಿದ್ದಳು, ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿದವಳಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡ. ಸೇರಿದ್ದವರೆಲ್ಲ ತಲೆದೂಗಿದರು. ಅದು ಶುದ್ಧ ಸುಳ್ಳು. ಅವಳು ಎಲ್ಲರನ್ನೂ ಪ್ರೀತಿಸುತ್ತಿರಲಿಲ್ಲ. ಬಹಳ ಜನರನ್ನು ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು, ಅದನ್ನು ಮುಚ್ಚಿಡುವ ಕಷ್ಟವನ್ನೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಬದುಕಿದ್ದಾಗ ಬೆವರು ಸುರಿಸಿ ಉಳಿಸಿಕೊಂಡ ಸಿಡುಕನ್ನು ಸತ್ತ ಮೇಲೆ ಹೀಗೆ ಸಕ್ಕರೆ ಹಾಕಿ ಕಲಸಿಬಿಟ್ಟರೆ ಅವಳದ್ದು ಅಂತ ಉಳಿಯುವುದೇನು? ಅವಳು ಇದ್ದ ಹಾಗೆ ಅವಳನ್ನು ಒಂದು ಕಡೆ ಬರೆದಿಡುವುದು ಒಳ್ಳೆಯದು. ಅದಕ್ಕೆ ಅವಳ ಅಣ್ಣ ಕೆಲಸದಿಂದ ನಿವೃತ್ತನಾದ ದಿನದ ಬೀಳ್ಕೊಡುಗೆಯ ಸಂಜೆಗಿಂತ ಬೇರೆ ದಿನ ಬೇಕಾಗಿಲ್ಲ.

ಛೀಯಮ್ಮ ಎನ್ನುವುದು ಮನೆಯವರು ಅಂಟಿಸಿದ ಹೆಸರು. ಮಾತು ಕಲಿಯುವ ವಯಸ್ಸಿನಲ್ಲಿ ಬೇರೆ ಮಕ್ಕಳು ಅಮ್ಮ ಅಪ್ಪ ಎಂದರೆ ಇವಳು ಹಾಲಿನ ಮೇಲಿನ ಕೆನೆ ನೋಡಿ "ಛೀ" ಎಂದಳಂತೆ. ಅಲ್ಲಿಂದಾಚೆಗೆ ಅದು ನಿಲ್ಲಲೇ ಇಲ್ಲ. ಸೋಪಿಗೆ ಅಂಟಿದ ಕೂದಲು ಕಂಡರೆ ಆ ದಿನ ಸ್ನಾನವಿಲ್ಲ. ಕೆಮ್ಮಿದ ಕೈಯಲ್ಲೇ ಕೈಕುಲುಕಲು ಬರುವವರನ್ನು ಕಂಡರೆ ಎರಡೂ ಕೈ ಬೆನ್ನ ಹಿಂದೆ. ಬಾಯಿ ತುಂಬ ತುತ್ತು ಇಟ್ಟುಕೊಂಡು ಹರಟುವ ನೆಂಟರ ಎದುರಿಗೆ ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಿದ್ದಳು. ಇವಳನ್ನು ಯಾವ ಗಂಡು ಬಾಳಿಸಿಯಾನು ಎಂದು ಚಿಕ್ಕಮ್ಮಂದಿರು ಕೇಳಿದರೆ, ಬಾಳಿಸುವವನ ಉಗುರು ಮೊದಲು ತೋರಿಸಲಿ ಎನ್ನುತ್ತಿದ್ದಳು. ಯಾರೂ ತೋರಿಸಲಿಲ್ಲವೋ, ತೋರಿಸಿದ್ದು ಇವಳಿಗೆ ಹಿಡಿಸಲಿಲ್ಲವೋ, ಮದುವೆಯಂತೂ ಆಗಲಿಲ್ಲ.

ಇಂಥವಳು ಹಿಡಿದ ಕೆಲಸ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದೆ, ಹಿಂದೊಮ್ಮೆ ಬಚ್ಚಲಾಗಿದ್ದ ಕಿರುಕೋಣೆಯಲ್ಲಿ ಅವಳ ಮೇಜು. ಡಾಕ್ಟರು ಮುಂದಿನ ಕೋಣೆಯಲ್ಲಿ ಮುದುಕರ ಬಾಯಿಗೆ ಅಂಟು ತುಂಬಿ ಅಚ್ಚು ತೆಗೆದು ಕಳಿಸಿದರೆ, ಇವಳು ಅದನ್ನು ಇನ್ನೆರಡು ಸಲ ತೊಳೆದು, ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಆ ಬಿಳಿ ಒಸಡಿನ ಮೇಲೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಗೋಡೆಯ ಹಲಗೆಗಳ ಮೇಲೆ ಊರಿನ ಅರ್ಧ ಮುದುಕರ ಬಾಯಿಗಳು ಸಾಲಾಗಿ ತೆರೆದುಕೊಂಡು ಕೂತಿರುತ್ತಿದ್ದವು. ನಿನಗೆ ಇದು ಹೇಗೆ ಒಗ್ಗಿತು ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: ಪ್ಲಾಸ್ಟರಿನ ಬಾಯಿ ನಾರುವುದಿಲ್ಲ, ಮಾತಾಡುವುದಿಲ್ಲ, ಎರಡೂ ಒಂದೇ ಕಾಯಿಲೆ, ಎರಡೂ ಇಲ್ಲ.

ಅವಳಿಗೊಂದು ಪದ್ಧತಿಯಿತ್ತು. ಹಲ್ಲು ಕಟ್ಟಿಸಿಕೊಳ್ಳುವವರು ತಮ್ಮ ಹಳೆಯ ಫೋಟೋ ಒಂದನ್ನು ತರಬೇಕು, ನಗುತ್ತಿರುವುದು. ಆ ಫೋಟೋದಲ್ಲಿ ಹಲ್ಲು ಓರೆಯಾಗಿದ್ದರೆ ಓರೆಯಾಗಿಯೇ ಕೂರಿಸುತ್ತಿದ್ದಳು. ಎಲ್ಲರಿಗೂ ಒಂದೇ ಥರ ಮುತ್ತು ಪೋಣಿಸಿ ಕಳಿಸಿದರೆ ಸಾಕಲ್ಲ ಎಂದು ಡಾಕ್ಟರು ಗೊಣಗುತ್ತಿದ್ದರು. ಹಾಗೆ ಪೋಣಿಸಿದ ಬಾಯಿ ಬೇರೆಯವರ ಬಾಯಿ, ಅದರಲ್ಲಿ ಉಣ್ಣುವುದಕ್ಕೆ ಹೇಸಿಗೆಯಾಗುವುದಿಲ್ಲವೇ ಎನ್ನುತ್ತಿದ್ದಳು.

ಅಪ್ಪ ಅಮ್ಮ ಇಬ್ಬರಿಗೂ ಹಲ್ಲು ಕಟ್ಟಿದವಳು ಅವಳೇ. ಅಪ್ಪನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಇತ್ತು. ಬೀಡಿ ಸೇದಿ ಸೇದಿ ಅದರ ಅಂಚು ಕಂದಿತ್ತು. ಕೃತಕ ಹಲ್ಲಿನಲ್ಲೂ ಆ ಸಂದು ಬಿಟ್ಟು, ಬಣ್ಣದಲ್ಲಿ ಒಂದು ಎಳೆ ಹಳದಿ ಹೆಚ್ಚಿಗೆ ಬೆರೆಸಿ ಕೊಟ್ಟಿದ್ದಳು. ಅಪ್ಪ ಕನ್ನಡಿ ನೋಡಿಕೊಂಡು, ಆ ಸಂದಿನಿಂದ ಉಫ್ ಎಂದು ಗಾಳಿ ಬಿಟ್ಟು, ವಾಪಸ್ ಬಂದೆ ಕಣೇ ಎಂದಿದ್ದರು. ಅಮ್ಮನವು ಸಣ್ಣ ಹಲ್ಲು, ಒತ್ತೊತ್ತಾಗಿ, ಎಡಗಡೆಯದೊಂದು ತುಸು ಒಳಕ್ಕೆ. ಅಪ್ಪ ಸತ್ತಾಗ ಆಸ್ಪತ್ರೆಯವರು ಬಾಯಿಂದ ತೆಗೆದು ಕೊಟ್ಟ ಹಲ್ಲನ್ನು ಅಮ್ಮ ಡಬ್ಬಿಯಲ್ಲಿ ಹಾಕಿ, ರಾತ್ರಿ ತನ್ನ ಹಲ್ಲು ತೆಗೆದಿಡುವ ಡಬ್ಬಿಯ ಪಕ್ಕದಲ್ಲೇ, ತನ್ನ ಕಪಾಟಿನಲ್ಲಿ ಇಟ್ಟುಕೊಂಡರು. ಸತ್ತವರ ಬಾಯಲ್ಲಿದ್ದದ್ದು ಯಾಕಮ್ಮಾ, ಎಸೆದುಬಿಡು ಎಂದು ಛೀಯಮ್ಮ ಮುಖ ಕಿವುಚಿದರೆ, ಇರಲಿ ಬಿಡೇ, ಅದೇನು ಊಟ ಕೇಳುತ್ತಾ ಎಂದಿದ್ದರು ಅಮ್ಮ.

ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. ಆ ಮನೆಗೆ ಛೀಯಮ್ಮ ಹೋಗುತ್ತಿದ್ದದ್ದು ಕಡಿಮೆ. ಅಲ್ಲಿ ಒಂದೇ ಟವೆಲಿನಲ್ಲಿ ಎಲ್ಲರೂ ಕೈ ಒರೆಸುತ್ತಾರೆ, ಟೀವಿ ಉಗುಳುತ್ತಲೇ ಇರುತ್ತದೆ, ಸಿಂಕಿನಲ್ಲಿ ನಿನ್ನೆಯ ಪಾತ್ರೆ ಎಂದು ಅವಳ ದೂರು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಒಂದಷ್ಟು ಕಾಲದಿಂದ ಅಮ್ಮ ಫೋನಿಗೆ ಬರುವುದು ನಿಂತಿತ್ತು. ಬಂದರೂ ಬಾಯಲ್ಲಿ ಏನನ್ನೋ ಹೊರಳಿಸುತ್ತ ತೊದಲಿದಂತಾಗಿ, ಅಣ್ಣ ಫೋನು ಕಸಿದುಕೊಂಡು, ಅಮ್ಮನಿಗೆ ಈಗೀಗ ಸ್ವಲ್ಪ ಅರಳುಮರಳು, ಸಂಬಂಧವಿಲ್ಲದ್ದು ಮಾತಾಡ್ತಾಳೆ, ನೀನು ತಲೆ ಕೆಡಿಸ್ಕೋಬೇಡ ಎನ್ನುತ್ತಿದ್ದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮುದುಕಿಗೆ ವಯಸ್ಸಾಯಿತು ಎಂದುಕೊಂಡಳು.

ಅಣ್ಣ ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದ ಮುಖ್ಯಸ್ಥ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರಿನಲ್ಲಿ ಹುಳ ಕಂಡವರು ಎಲ್ಲರೂ ಅವನ ಕಿಟಕಿಗೆ ಬಂದು ಗೋಳು ಹೊಯ್ದುಕೊಳ್ಳಬೇಕು. ಅವನು ನಿವೃತ್ತನಾದ ದಿನ ಸಹೋದ್ಯೋಗಿಗಳು ಹೋಟೆಲೊಂದರ ಮೇಲಿನ ಹಾಲ್ ಹಿಡಿದು ಬೀಳ್ಕೊಡುಗೆಯ ಊಟ ಇಟ್ಟುಕೊಂಡರು. ಮನೆಯವರೆಲ್ಲ ಬರಬೇಕು ಎಂದು ಅಣ್ಣ ಎರಡು ಸಲ ಫೋನು ಮಾಡಿದ. ಅಮ್ಮ ಬರುತ್ತಾಳೆ ಎಂದದ್ದಕ್ಕೆ ಛೀಯಮ್ಮ ಹೊರಟಳು.

ಹಾಲ್‌ನ ಬಾಗಿಲಲ್ಲೇ ಅವಳು ಮೂಗು ಮುಚ್ಚಿಕೊಂಡಳು. ನೆಲಕ್ಕೆ ಹಾಸಿದ ಕಾರ್ಪೆಟ್ಟು ಎಂದೋ ಒದ್ದೆಯಾಗಿ ಸರಿಯಾಗಿ ಒಣಗದೆ, ಅದರ ಮೇಲೆ ಸೆಂಟು ಹೊಡೆದಂಥ ನಾತ. ಗೋಡೆಯ ಮೇಲೆ ಅಣ್ಣನ ಫೋಟೋ ಇದ್ದ ಬ್ಯಾನರು. ಅಚ್ಚು ಹಾಕಿದವನು ಅವನ ಕೆನ್ನೆಗೆ ಎಷ್ಟು ಕೆಂಪು ಸುರಿದಿದ್ದನೆಂದರೆ ಮನುಷ್ಯನಿಗೆ ಜ್ವರ ಬಂದಿದೆಯೇನೋ ಅನ್ನಿಸಬೇಕು. ಮಧ್ಯದ ಮೇಜಿನ ಮೇಲೆ ನಲ್ಲಿಯ ಆಕಾರದ ಕೇಕು, ನೀರು ಬೀಳುತ್ತಿರುವ ಹಾಗೆ ನೀಲಿ ಕ್ರೀಮು. ಕಚೇರಿಯವರು ಸರದಿಯಲ್ಲಿ ನಿಂತು ಅದನ್ನು ಬೆರಳಲ್ಲಿ ಕಿತ್ತು ಕಿತ್ತು ಅಣ್ಣನ ಬಾಯಿಗೆ ತುರುಕುತ್ತಿದ್ದರು. ಅವನೂ ಒಂದೊಂದು ಬೆರಳನ್ನೂ ಚೀಪಿ ಬಿಡುತ್ತಿದ್ದ. ಇಡೀ ಕಚೇರಿ ಒಂದೇ ಬಾಯಲ್ಲಿ ಕೈ ತೊಳೆದುಕೊಳ್ಳುತ್ತಿದೆ ಎಂದುಕೊಂಡು ಛೀಯಮ್ಮ ಆ ಕಡೆ ನೋಡುವುದನ್ನು ಬಿಟ್ಟಳು. ಆ ಕಡೆ ಬಿಟ್ಟರೆ ಈ ಕಡೆ ಊಟದ ತಟ್ಟೆಗಳು. ಒಬ್ಬಾತ ಸೂಪಿನ ಪಾತ್ರೆಯ ಮೇಲೆ ಬಾಗಿ ವಾಸನೆ ನೋಡಿ, ಅಲ್ಲಿಗೇ ಸೀನಿ, ಸುತ್ತ ನೋಡಿ, ಸೌಟನ್ನು ಒಮ್ಮೆ ತಿರುಗಿಸಿ ಹೋದ. ಬಿದ್ದ ಚಮಚವನ್ನು ಇನ್ನೊಬ್ಬ ಪ್ಯಾಂಟಿಗೆ ಒರೆಸಿ ಮತ್ತೆ ಅನ್ನಕ್ಕೆ ಚುಚ್ಚಿದ. ಇವತ್ತು ಉಪವಾಸ ಎಂದು ಅವಳು ಅಲ್ಲೇ ನಿರ್ಧರಿಸಿದಳು.

ಅಮ್ಮನನ್ನು ವೇದಿಕೆಯ ಪಕ್ಕ ಹೂದಾನಿಯ ಜೊತೆಗೊಂದು ಹೂದಾನಿಯ ಹಾಗೆ ಕೂರಿಸಿದ್ದರು. ಹೊಸ ಬಟ್ಟೆ, ಬಾಚಿ ಬಿಗಿದ ತಲೆ. ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಗಿತ್ತು. ಬಾಯಿಗೆ ಕರವಸ್ತ್ರ ಅದುಮಿಕೊಂಡಿದ್ದರು. ಛೀಯಮ್ಮ ಹತ್ತಿರ ಹೋಗಿ ಕೂತಾಗ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ. ಏನಮ್ಮ ಹೀಗಾಗಿದ್ದೀಯ ಎಂದು ಕೇಳಿದ್ದಕ್ಕೆ ಕರವಸ್ತ್ರದ ಹಿಂದಿನಿಂದ ಒಂದು ಗೊಗ್ಗರು ಶಬ್ದ ಬಂತು, ಜೊತೆಗೆ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅತ್ತಿಗೆ ಓಡಿ ಬಂದರು. ಮಾತಾಡಿಸಬೇಡ, ಮಾತಾಡಿಸಿದರೆ ಶುರು ಹಚ್ಚಿಕೊಳ್ತಾರೆ, ಆಮೇಲೆ ಸಾಹೇಬರ ಮುಂದೆ ಮಾನ ಹೋಗುತ್ತೆ, ಊಟವನ್ನೂ ಬಿಟ್ಟಿದ್ದಾರೆ, ಗಂಜಿ ಬಿಟ್ಟರೆ ಒಂದು ಅಗುಳು ಇಳಿಯೋದಿಲ್ಲ ಎಂದು ಒಂದೇ ಉಸಿರಿಗೆ ಹೇಳಿ, ಅಮ್ಮನ ಕೈಬೆರಳು ಬಿಡಿಸಿ, ಛೀಯಮ್ಮನನ್ನು ಎಬ್ಬಿಸಿ ಹಿಂದಿನ ಸಾಲಿಗೆ ಕರೆದುಕೊಂಡು ಹೋದರು. ಅತ್ತಿಗೆಯ ಅಂಗೈ ಬೆವರಿತ್ತು. ಛೀಯಮ್ಮ ಆ ಬೆವರನ್ನು ಒರೆಸಿಕೊಳ್ಳುವುದರಲ್ಲಿ ಅಮ್ಮನ ಕಣ್ಣನ್ನು ಮತ್ತೊಮ್ಮೆ ನೋಡುವುದು ಮರೆತಳು. ಈ ಮಾತನ್ನು ಆಮೇಲೆ ಅವಳೇ ಎಷ್ಟೋ ಸಲ ಹೇಳಿದ್ದುಂಟು.

ಭಾಷಣಗಳು ಶುರುವಾದವು. ದೊಡ್ಡ ಸಾಹೇಬರು ಮೈಕನ್ನು ತುಟಿಗೆ ಒತ್ತಿಕೊಂಡು ಮಾತಾಡಿದರು. ಅವರ ಉಗುಳಿನ ಚಟಚಟ ಸ್ಪೀಕರಿನಲ್ಲಿ ಎಲ್ಲರ ಕಿವಿಗೂ ಬಂತು. ನಮ್ಮ ಇವರ ತಾಳ್ಮೆ ಎಂಥದ್ದು ಅಂದರೆ, ಎಂಥ ಬಾಯಿಬಡುಕ ಬಂದರೂ ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದರು, ಇವರ ಕಿವಿಗೆ ಬೀಳದೆ ಹೋದ ದೂರು ಈ ಊರಲ್ಲಿ ಇಲ್ಲ ಎಂದರು. ಇನ್ನೊಬ್ಬರು ಬಂದು ಅದನ್ನೇ ಉದ್ದ ಮಾಡಿದರು. ಮತ್ತೊಬ್ಬ ಅಳಲು ಪ್ರಯತ್ನಪಟ್ಟು, ಆಗದೆ, ಮೂಗು ಸೀಟಿ ಕೂತ.

ಕೊನೆಗೆ ಅಣ್ಣ ನಿಂತ. ಗಲ್ಲದಲ್ಲಿ ನೀಲಿ ಕ್ರೀಮು ಇನ್ನೂ ಇತ್ತು. ಕೃತಜ್ಞತೆಯೆಲ್ಲ ಮುಗಿದ ಮೇಲೆ ಮುಂದಿನ ಯೋಜನೆಗೆ ಬಂದ. ಇಷ್ಟು ವರ್ಷ ದುಡಿದದ್ದಾಯಿತು, ಬರುವ ತಿಂಗಳು ಹೆಂಡತಿಯನ್ನು ಕರೆದುಕೊಂಡು ದೇಶ ಸುತ್ತಲು ಹೊರಡುವವನಿದ್ದೇನೆ ಎಂದ. ಚಪ್ಪಾಳೆ. ತಾಯಿಯ ಜವಾಬ್ದಾರಿಯನ್ನೂ ಮರೆತಿಲ್ಲ, ತಾಯಿಗೆ ಈಗ ಬುದ್ಧಿ ಹಿಡಿತದಲ್ಲಿಲ್ಲ, ಮನೆಯವರಿಂದ ಆಗದ ಆರೈಕೆ ತಿಳಿದವರಿಂದ ಆಗಬೇಕು, ಊರಾಚೆ ವೃದ್ಧರ ನಿವಾಸವೊಂದರಲ್ಲಿ ಸೀಟು ಸಿಕ್ಕಿದೆ, ತೋಟ ಇದೆ, ನರ್ಸ್ ಇದ್ದಾರೆ, ತಿಂಗಳ ಮೊದಲ ದಿನವೇ ಸೇರಿಸುತ್ತಿದ್ದೇವೆ ಎಂದ. ಇದಕ್ಕೆ ಇನ್ನೂ ಜೋರು ಚಪ್ಪಾಳೆ. ಎಂಥ ಮಗ ಎಂದು ಯಾರೋ ಅಂದರು. ವೇದಿಕೆಯ ಪಕ್ಕದಲ್ಲಿ ಅಮ್ಮ ಕರವಸ್ತ್ರ ಅದುಮಿಕೊಂಡೇ ಬೇಡ ಬೇಡ ಎಂಬಂತೆ ತಲೆಯಾಡಿಸುತ್ತಿದ್ದರು. ಫ್ಯಾನಿನ ಗಾಳಿಗೆ ಆಡುವ ಹೂವನ್ನು ನೋಡುವಷ್ಟೇ ಗಮನ ಅದಕ್ಕೂ ಸಿಕ್ಕಿತು.

ಛೀಯಮ್ಮನಿಗೆ ಈ ಸುದ್ದಿ ಹೊಸದು. ಅಮ್ಮನನ್ನು ಎತ್ತಂಗಡಿ ಮಾಡುವ ವಿಷಯ ಮಗಳಿಗೆ ತಿಳಿದದ್ದು ಬ್ಯಾನರಿನ ಕೆಳಗೆ, ಕಂಡವರ ಚಪ್ಪಾಳೆಯ ಜೊತೆಗೆ. ಊಟಕ್ಕೆ ಎಲ್ಲರೂ ಎದ್ದಾಗ ಅವಳು ಅಣ್ಣನನ್ನು ಹಿಡಿದು ಕೇಳಿದಳು. ಆಮೇಲೆ ಮಾತಾಡೋಣ, ಈಗ ಸಾಹೇಬರಿಗೆ ಬಡಿಸಬೇಕು ಎಂದು ಅವನು ಜಾರಿಕೊಂಡ. ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಅವನು ಕೇಳದೆ ಹೋದದ್ದೇ ಅವಳ ಪುಣ್ಯ. ಅವಳದ್ದು ಒಂದು ಕೋಣೆ, ಒಂದು ಬಚ್ಚಲು, ಒಂದು ಮಂಚ. ಅಲ್ಲಿಗೆ ಇನ್ನೊಬ್ಬರ ಉಸಿರು ಬಂದು ಎಷ್ಟೋ ವರ್ಷವಾಗಿತ್ತು. ತೋಟ ಇದೆಯಂತೆ, ನರ್ಸ್ ಇದ್ದಾರಂತೆ, ಇರಲಿ ಬಿಡು ಎಂಬ ಯೋಚನೆ ಅವಳಿಗೂ ಬಂದು ಹೋಯಿತು.

ಅವಳನ್ನು ತಂದು ಕೂರಿಸಿದ್ದು ಸಾಹೇಬರ ಮೇಜಿನಲ್ಲೇ. ಸಾಹೇಬರು ಕೋಳಿಯ ಮೂಳೆ ಚೀಪಿ, ಹಲ್ಲಿಗೆ ಸಿಕ್ಕಿಕೊಂಡ ನಾರನ್ನು ತಮ್ಮದೇ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಕೆದಕಿ ತೆಗೆಯುತ್ತಿದ್ದರು. ಕೆದಕಿದ್ದನ್ನು ಒಮ್ಮೆ ನೋಡಿ ಮತ್ತೆ ಬಾಯಿಗೆ ಹಾಕಿಕೊಂಡರು. ಅತ್ತಿಗೆ ಅವರ ಹೆಂಡತಿಯ ಪಕ್ಕ ಕೂತು ಮಾತಿಗೆ ಮಾತು ಹೊಸೆಯುತ್ತಿದ್ದರು. ವಯಸ್ಸಾದವರನ್ನು ನೋಡಿಕೊಳ್ಳುವುದು ಸುಲಭವಲ್ಲ ಎಂದು ಸಾಹೇಬರ ಹೆಂಡತಿ ಕನಿಕರ ತೋರಿಸಿದ್ದೇ ತಡ, ಅತ್ತಿಗೆ ಒಳ್ಳೆಯ ನಟಿಯ ಹಾಗೆ ಕರವಸ್ತ್ರವನ್ನು ಬಾಯಿಗೆ ಹಿಡಿದು, ಕಣ್ಣು ಮೇಲೆ ಮಾಡಿ, ಅತ್ತೆಯ ದನಿ ತೆಗೆದರು.

"'ಅವರ ಹಲ್ಲು ನನ್ನ ಬಾಯಲ್ಲಿದೆ, ತೆಗೀರಿ, ಯಾರಾದ್ರೂ ತೆಗೀರಿ.' ದಿನಾ ಇದೇ. ಸತ್ತ ಮಾವನವರು ಬಂದು ಇವರ ಬಾಯಲ್ಲಿ ಕೂತಿದ್ದಾರಂತೆ. ಮೊದಲು ಭಯ ಆಗ್ತಿತ್ತು. ಈಗ ನಮಗೆ ಅದೇ ಟೀವಿ."

ಮೇಜು ಕುಲುಕಾಡುವ ಹಾಗೆ ನಕ್ಕರು. ಸಾಹೇಬರ ಬಾಯಲ್ಲಿ ಅರ್ಧ ಅಗಿದ ಕೋಳಿ ನಗುವಿನ ಜೊತೆ ಹೊರಳುವುದು ಕಾಣಿಸುತ್ತಿತ್ತು. ಅಜ್ಜಿಗೆ ಗಂಡನ ಮೇಲೆ ಎಂಥ ಪ್ರೀತಿ ನೋಡಿ ಎಂದು ಯಾರೋ ಒಗ್ಗರಣೆ ಹಾಕಿದರು. ಛೀಯಮ್ಮ ನಗಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಅಮ್ಮ ಎಷ್ಟು ದಿನದಿಂದ ಹೀಗೆ ಹೇಳ್ತಿದ್ದಾಳೆ ಅತ್ತಿಗೆ ಎಂದು ಮೆಲ್ಲಗೆ ಕೇಳಿದಳು. ಮನೆಗೆ ಬಣ್ಣ ಹೊಡೆಸಿದೆವಲ್ಲ, ಕಪಾಟೆಲ್ಲ ಖಾಲಿ ಮಾಡಿ, ಆವಾಗಿನಿಂದ ಎಂದರು ಅತ್ತಿಗೆ, ಇನ್ನೂ ನಗುತ್ತಲೇ.

ಬಣ್ಣ ಹೊಡೆಸಿದ್ದು ಬೇಸಿಗೆಗೆ ಮುಂಚೆ. ಈಗ ಬೇಸಿಗೆ ಕಳೆದಿತ್ತು.

ಛೀಯಮ್ಮ ಎದ್ದು ಕೈ ತೊಳೆದು ಬಂದು, ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಬಾಯಿ ತೆಗಿ ಅಮ್ಮ ಎಂದಳು. ಅಮ್ಮ ಒಮ್ಮೆ ಸೊಸೆಯ ಮೇಜಿನ ಕಡೆ ನೋಡಿದರು. ಆಮೇಲೆ ಕರವಸ್ತ್ರ ಕೆಳಗಿಳಿಸಿದರು.

ಅಮ್ಮನ ಮುಖದಲ್ಲಿ ಅಪ್ಪ ನಗುತ್ತಿದ್ದರು. ಮುಂದಿನ ಎರಡು ಹಲ್ಲಿನ ನಡುವೆ ಅವಳೇ ಬಿಟ್ಟ ಸಂದು, ಅವಳೇ ಬೆರೆಸಿದ ಹಳದಿ. ಗಂಡಸಿನ ದವಡೆಗೆ ಕಟ್ಟಿದ ದೊಡ್ಡ ಹಲ್ಲು ಆ ಸಣ್ಣ ಬಾಯನ್ನು ಅಗಲಿಸಿ, ತುಟಿಯನ್ನು ಮುಂದಕ್ಕೆ ತಳ್ಳಿ ನಿಂತಿತ್ತು. ಅದು ಬಿದ್ದುಹೋಗದ ಹಾಗೆ ಅಂಟಿನ ಪುಡಿಯನ್ನು ಹೇರಳವಾಗಿ ಮೆತ್ತಿದ್ದರು. ಅವಳು ಹೆಬ್ಬೆರಳು ಒಳಗಿಟ್ಟು ಒಂದು ಕಡೆಯಿಂದ ಮೆಲ್ಲಗೆ ಸಡಿಲಿಸಿದಳು. ಅದು ಹಸಿ ಗಾಯದಿಂದ ಬಟ್ಟೆ ಕೀಳುವ ಹಾಗೆ ಬಂತು. ಅಮ್ಮ ಅವಳ ತೊಡೆಯನ್ನು ಹಿಡಿದು ಅದುಮಿದರು, ಕೂಗಲಿಲ್ಲ. ಜೊತೆಗೇ ವಾಸನೆ ಹೊರಬಿತ್ತು. ಹಳೆಯ ಗಂಜಿ, ಕೀವು, ರಕ್ತ ಎಲ್ಲ ಸೇರಿದ ವಾಸನೆ. ಒಸಡಿನ ಉದ್ದಕ್ಕೂ ಹುಣ್ಣು. ಅಂಗುಳಿನಲ್ಲಿ ಒಂದು ಕಡೆ ತೂತು ಬಿದ್ದ ಹಾಗೆ ಕೊರೆದಿತ್ತು. ಛೀಯಮ್ಮನಿಗೆ ವಾಂತಿ ಗಂಟಲಿಗೆ ಬಂತು. ಬಂದದ್ದನ್ನು ನುಂಗಿ, ಬೆರಳನ್ನು ಹೊರಗೆ ತೆಗೆಯದೆ, ಅಂಟಿದ್ದ ಪುಡಿಯ ಗಂಟುಗಳನ್ನು ಒಂದೊಂದಾಗಿ ಬಿಡಿಸಿದಳು. ಅಲ್ಲಿದ್ದ ಕಾಗದದ ಕರವಸ್ತ್ರಗಳ ಮೇಲೆ ಅಪ್ಪನ ಹಲ್ಲು ಇಟ್ಟು, ಅಮ್ಮನಿಗೆ ನೀರು ಕೊಟ್ಟು ಮುಕ್ಕಳಿಸು ಎಂದಳು. ಅಮ್ಮ ಹೂದಾನಿಯಲ್ಲೇ ಉಗಿದರು.

ಹಾಲ್‌ನಲ್ಲಿ ನಗು ನಿಂತಿತ್ತು. ಊಟದ ಹೊತ್ತಲ್ಲಿ ಇದೇನ್ರೀ ಛೀ ಎಂದು ಒಬ್ಬರು, ಆ ಕಡೆ ಬಾತ್‌ರೂಮ್ ಇದೆಯಲ್ಲ ಎಂದು ಇನ್ನೊಬ್ಬರು. ಸಾಹೇಬರು ತಟ್ಟೆ ದೂರ ತಳ್ಳಿದರು. ಅಣ್ಣ ಧಾವಿಸಿ ಬಂದು, ಏನು ಮಾಡ್ತಿದೀಯ, ತಲೆ ನೆಟ್ಟಗಿದೆಯಾ ಎಂದು ಹಲ್ಲು ಕಚ್ಚಿ ಕೇಳಿದ. ಅವಳು ಕಾಗದದ ಮೇಲಿದ್ದದ್ದನ್ನು ತೋರಿಸಿದಳು.

"ಇದು ಅಪ್ಪಂದು. ಅಮ್ಮ ಸರಿಯಾಗೇ ಹೇಳ್ತಿದ್ದಳು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅತ್ತಿಗೆಗೆ ಬೇಗ ಆಯಿತು. ಕಪಾಟು ಖಾಲಿ ಮಾಡುವಾಗ ಎರಡು ಡಬ್ಬಿ ಇದ್ದವು, ಎರಡೂ ಒಂದೇ ಥರ, ಎರಡರ ಮೇಲೂ ಕ್ಲಿನಿಕ್ಕಿನ ಹೆಸರು, ಸತ್ತವರದ್ದು ಮನೆಯಲ್ಲಿ ಯಾಕೆ ಅಂತ ಒಂದನ್ನು ಕಸಕ್ಕೆ ಹಾಕಿದೆ ಎಂದರು. ಕೊಟ್ಟವಳು ನೀನೇ, ಡಬ್ಬಿ ಬೇರೆ ಬೇರೆ ಬಣ್ಣದ್ದು ಕೊಡೋಕೆ ಏನಾಗಿತ್ತು ಎಂದೂ ಸೇರಿಸಿದರು. ಹಾಗೆ ಆ ಇಡೀ ಬೇಸಿಗೆಯ ತಪ್ಪು ತಿರುಗಿ ಛೀಯಮ್ಮನ ಮಡಿಲಿಗೇ ಬಂದು ಬಿತ್ತು. ದಿನವೂ ಬೆಳಗ್ಗೆ ಪುಡಿ ಮೆತ್ತಿ, ಬೇಡವೆಂದು ಬಾಯಿ ಬಿಗಿಹಿಡಿದ ಮುದುಕಿಗೆ ಗದರಿ ತುರುಕಿದವರು ಯಾರು ಎಂದು ಅವಳು ಕೇಳಲಿಲ್ಲ. ಕೇಳುವುದಕ್ಕೂ ಅವಳಿಗೆ ಹೇಸಿಗೆಯಾಯಿತು. ಅಣ್ಣ ಮಾತ್ರ, ನನಗೆ ಹೇಗೆ ಗೊತ್ತಾಗಬೇಕು, ನಾನೇನು ಹಲ್ಲು ಕಟ್ಟೋನಾ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮುಖವನ್ನು ಅವನು ಹುಟ್ಟಿದಂದಿನಿಂದ ನೋಡುತ್ತಿದ್ದ.

ಅಮ್ಮ ಇನ್ನೊಮ್ಮೆ ಬಾಯಿ ಮುಕ್ಕಳಿಸಿ, ಒಳಕ್ಕೆ ಹೋದ ತುಟಿಯನ್ನು ಒರೆಸಿಕೊಂಡು ಮಗನನ್ನು ನೋಡಿದರು. ಮಾತು ಅಂಚಿಲ್ಲದೆ ಮೆತ್ತಗೆ ಬಂದರೂ ಒಂದೊಂದೂ ತಿಳಿಯುವ ಹಾಗಿತ್ತು.

"ನಾನು ಹೇಳ್ತಾನೇ ಇದ್ದೆನಲ್ಲೋ. ನಿನ್ನ ಕಚೇರಿ ಕಿಟಕಿಗೆ ಬಂದು ಬರೆದು ಕೊಡಬೇಕಿತ್ತೇನೋ."

ಹಿಂದೆ ನಿಂತಿದ್ದ ಗುಮಾಸ್ತನೊಬ್ಬ ನಗು ತಡೆಯಲಾರದೆ ಕೆಮ್ಮಿದ. ಅಣ್ಣನ ಮುಖ ಬ್ಯಾನರಿನ ಮುಖಕ್ಕಿಂತ ಕೆಂಪಾಯಿತು. ಆಗಿದ್ದು ಆಯಿತು, ನಾಳೆಯೇ ಹೊಸದು ಮಾಡಿಸೋಣ, ನಿವಾಸಕ್ಕೆ ಹೋಗುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ ಎಂದು ಅಮ್ಮನ ಬೆನ್ನು ಸವರಿದ. ಅಷ್ಟರಲ್ಲಿ ಫೋಟೋದವನು ಸಾಹೇಬರು ಹೊರಡುತ್ತಿದ್ದಾರೆ, ಮನೆಯವರೆಲ್ಲ ಬನ್ನಿ ಎಂದು ಕರೆದ. ಅಣ್ಣ ಅಮ್ಮನ ಗುಳಿಬಿದ್ದ ಕೆನ್ನೆಯನ್ನು ನೋಡಿದ, ಕಾಗದದ ಮೇಲಿನ ಹಲ್ಲನ್ನು ನೋಡಿದ. ಅವನ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ತಂಗಿಗೆ ಹೊಳೆದರೂ ನಂಬಲಾಗಲಿಲ್ಲ.

"ಒಂದು ಫೋಟೋ ಅಷ್ಟೇ ಅಮ್ಮ. ತೊಳೆದು ಕೊಡ್ತಾಳೆ, ಒಂದು ನಿಮಿಷ ಹಾಕ್ಕೊಂಡು ಬಿಡು. ಹೀಗೆ ಚೆನ್ನಾಗಿ ಕಾಣಲ್ಲ."

ಆ ಸಂಜೆ ಛೀಯಮ್ಮ ನೋಡಿದ ಎಲ್ಲದಕ್ಕಿಂತ ಹೇಸಿಗೆಯದ್ದು ಅದು. ಸೀನಿದ ಸೂಪು, ಕಾರ್ಡಿನ ಮೂಲೆ, ಕೀವಿನ ವಾಸನೆ ಎಲ್ಲ ಅದರ ಮುಂದೆ ತೊಳೆದಿಟ್ಟ ಲೋಟದ ಹಾಗೆ ಅನ್ನಿಸಿದವು ಎಂದು ಅವಳು ಹೇಳುತ್ತಿದ್ದಳು. ಅವಳು ಹಲ್ಲನ್ನು ಕಾಗದದಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ಅಮ್ಮನನ್ನು ಎಬ್ಬಿಸಿದಳು. ನನ್ನ ಜೊತೆ ಕರೆದುಕೊಂಡು ಹೋಗ್ತೀನಿ ಎಂದಳು.

ಅಣ್ಣನಿಗೆ ಅದು ಕೇಳಿ ನಿಜವಾಗಿಯೂ ನಗು ಬಂತು. ನೀನು, ಇನ್ನೊಬ್ಬರು ಮುಟ್ಟಿದ ಲೋಟ ಮೂರು ಸಲ ತೊಳೆಯೋಳು, ನೀನು ಅಮ್ಮನನ್ನು ಇಟ್ಕೊಳ್ತೀಯಾ, ರಾತ್ರಿ ಎದ್ದು ಅವಳ ಬಟ್ಟೆ ಬದಲಾಯಿಸ್ತೀಯಾ ಎಂದ. ಅದೂ ಸುಳ್ಳಲ್ಲ. ಛೀಯಮ್ಮ ಅಮ್ಮನ ತೋಳು ಹಿಡಿದುಕೊಂಡಳು.

"ಗೊತ್ತಿಲ್ಲ ಅಣ್ಣ. ನನ್ನ ಕೈಲಾಗುತ್ತೋ ಇಲ್ಲವೋ ಗೊತ್ತಿಲ್ಲ. ಇವತ್ತು ಕರ್ಕೊಂಡು ಹೋಗ್ತೀನಿ."

ಹೊರಡುವ ಮುಂಚೆ ಅಮ್ಮ ಫೋಟೋಕ್ಕೆ ನಿಂತರು. ಇವತ್ತು ಅವನ ದಿನ ಎಂದರು. ಬಾಯಿ ಮುಚ್ಚಿಕೊಂಡು, ಮಗನ ತೋಳು ಹಿಡಿದು, ಸಾಹೇಬರ ಪಕ್ಕ ನಿಂತರು. ಅದನ್ನು ನೋಡಿ ಛೀಯಮ್ಮನಿಗೆ ಅಮ್ಮನ ಮೇಲೂ ಸ್ವಲ್ಪ ಹೇಸಿಗೆಯಾಯಿತು. ಅದನ್ನೂ ಅವಳು ಮುಚ್ಚಿಟ್ಟವಳಲ್ಲ.

ಟ್ಯಾಕ್ಸಿಯಲ್ಲಿ ಅಮ್ಮ ಬೇಸಿಗೆಯಿಡೀ ಕಟ್ಟಿಟ್ಟ ಮಾತನ್ನೆಲ್ಲ ಬಿಚ್ಚಿದರು. ಮೊದಲ ದಿನವೇ ಗೊತ್ತಾಯಿತಂತೆ, ಬೀಡಿಯ ಕಹಿ. ಹೇಳಿದರೆ ಸೊಸೆ ಬಾಯಿ ತೊಳೆಸಿದಳಂತೆ. ಮಗನಿಗೆ ಹೇಳಿದರೆ ಅವನು ಯಾರೋ ಡಾಕ್ಟರಿಗೆ ಫೋನು ಮಾಡಿದನಂತೆ, ಅವರು ನಿದ್ದೆಯ ಮಾತ್ರೆ ಬರೆದರಂತೆ. ಎರಡು ದಿನ ನನಗೇ ಒಂಥರಾ ಹಿತವಾಗಿತ್ತು ಕಣೇ, ಅವರು ಹತ್ತಿರ ಬಂದ ಹಾಗಿತ್ತು, ಆಮೇಲೆ ಕಚ್ಚೋಕೆ ಶುರು ಮಾಡಿದರು, ಬದುಕಿದ್ದಾಗಲೂ ಹಾಗೇ ತಾನೆ ಎಂದು ಅಮ್ಮ ನಕ್ಕರು. ಅಮ್ಮಾ ಛೀ ಎಂದು ಛೀಯಮ್ಮ ಕಿಟಕಿಯ ಗಾಜು ಇಳಿಸಿದಳು. ಟ್ಯಾಕ್ಸಿಯವನು ಏನೂ ತಿಳಿಯದೆ ಕನ್ನಡಿಯಲ್ಲಿ ನೋಡಿದ.

ಮರುದಿನ ಬೆಳಗ್ಗೆ ಅಣ್ಣನ ಫೋನ್ ಬಂತು. ರಾತ್ರಿಯ ಕೋಪ ಇಳಿದು ಕಚೇರಿಯ ದನಿ ಬಂದಿತ್ತು. ನಿವಾಸದವರ ಜೊತೆ ಮಾತಾಡಿದ್ದೇನೆ, ಅಲ್ಲೇ ಹಲ್ಲಿನ ಡಾಕ್ಟರು ಬರುತ್ತಾರೆ, ಭಾನುವಾರದೊಳಗೆ ಅಮ್ಮನನ್ನು ತಂದು ಬಿಡು, ನಮ್ಮ ಪ್ರವಾಸದ ದಿನ ಬದಲಾಯಿಸುವ ಹಾಗಿಲ್ಲ ಎಂದ. ಛೀಯಮ್ಮನಿಗೆ ರಾತ್ರಿ ನಿದ್ದೆಯಿರಲಿಲ್ಲ. ಅಮ್ಮ ಗೊರಕೆ ಹೊಡೆದಿದ್ದರು, ಅವಳ ದಿಂಬಿನ ಮೇಲೆ ಜೊಲ್ಲು ಸುರಿಸಿದ್ದರು. ಅವಳು ದಿಂಬಿನ ಕಡೆ ನೋಡಿದಳು. ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಅಮ್ಮ ಮಂಚದಿಂದ ಕೈ ಚಾಚಿ ಫೋನನ್ನು ಅವಳ ಕೈಯಿಂದ ತೆಗೆದುಕೊಂಡರು. ನೀನು ಪ್ರವಾಸಕ್ಕೆ ಹೋಗಿ ಬಾ, ನಾನು ಆ ಜಾಗಕ್ಕೆ ಬರೋದಿಲ್ಲ, ಇವಳ ಜೊತೆ ಇರ್ತೀನಿ ಎಂದರು. ಆ ಕಡೆ ಅಣ್ಣನಿಗೆ ಮಾತು ತಿಳಿಯಲಿಲ್ಲವೋ, ತಿಳಿಯಬೇಕೆನಿಸಲಿಲ್ಲವೋ, ಫೋನ್ ಅವಳಿಗೆ ಕೊಡು ಎಂದ.

"ಕೊಡಲ್ಲ. ನಿಧಾನಕ್ಕೆ ಹೇಳ್ತೀನಿ, ನಿನಗೆ ಅರ್ಥ ಆಗೋವರೆಗೂ ಹೇಳ್ತೀನಿ. ನೀನು ಫೋನ್ ಇಡಬೇಡ."

ಛೀಯಮ್ಮ ಅಡುಗೆಮನೆಗೆ ಹೋಗಿ ಅನ್ನ ಬೇಯಿಸಲು ಇಟ್ಟಳು, ನುಣ್ಣಗೆ, ಒಸಡಿಗೆ ತಾಗದ ಹಾಗೆ. ಕುದಿಯುವ ಸದ್ದಿನ ನಡುವೆ ಅಮ್ಮ ಅದೇ ಮಾತನ್ನು ಎರಡನೇ ಸಲ ಹೇಳುವುದು ಕೇಳಿಸಿತು. ಆಮೇಲೆ ಮೂರನೇ ಸಲ.